ಬಿಳಿ ಜೂಲುನಾಯಿಗಳೆಲ್ಲ ಪಾಮೇರಿಯನ್ ಅಲ್ಲ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ವರ್ಗೀಕೃತ ಜಾಹೀರಾತುಗಳಲ್ಲಿ ‘ಅಪ್ಪಟ ಬಿಳಿ ಪಾಮೇರಿಯನ್ ಮರಿಗಳು ಮಾರಾಟಕ್ಕಿವೆ’ ಎಂಬ ಸಾಲನ್ನು ನಾನು ಎಷ್ಟೋ ವರ್ಷಗಳಿಂದ ಓದುತ್ತಾ ಬಂದಿದ್ದೇನೆ. ಪಶುವೈದ್ಯನಾಗಿ ಮೂರು ದಶಕ ಕೆಲಸ ಮಾಡಿ ನಿವೃತ್ತನಾದವನು ನಾನು. ಹೀಗೆ ಕೊಂಡ ಮರಿಗಳು ಮುಂದೆ ಏನಾದವು ಎಂಬುದನ್ನು ಚಿಕಿತ್ಸೆಯ ಮೇಜಿನ ಮೇಲೆ ಕಂಡಿದ್ದೇನೆ. ಆ ಅನುಭವದ ಬಲದ ಮೇಲೆ ಈ ಪತ್ರ.

ಒಮ್ಮೆ ದಂಪತಿಗಳಿಬ್ಬರು ನಾಲ್ಕು ತಿಂಗಳ ಬಿಳಿ ಮರಿಯೊಂದನ್ನು ಟವಲಿನಲ್ಲಿ ಸುತ್ತಿಕೊಂಡು ತಂದಿದ್ದರು. ಅದರ ಮುಂಗಾಲುಗಳು ಬಿಲ್ಲಿನಂತೆ ಬಾಗಿದ್ದವು, ಪಕ್ಕೆಲುಬು ಕೈಗೆ ಸಿಗುತ್ತಿದ್ದವು. ಏನು ತಿನ್ನಿಸುತ್ತೀರಿ ಎಂದು ಕೇಳಿದಾಗ, ನೀರು ಬೆರೆಸಿದ ಹಾಲು, ಎರಡು ಬಿಸ್ಕತ್ತು ಎಂದರು. ಇದು ‘ಟಾಯ್ ಪಾಮೇರಿಯನ್’, ಹೆಚ್ಚು ತಿನ್ನಿಸಿದರೆ ದೊಡ್ಡದಾಗಿ ಕೆಟ್ಟುಹೋಗುತ್ತದೆ ಎಂದು ಮಾರಿದವನು ಹೇಳಿದ್ದನಂತೆ. ಅದರ ಪಂಜಗಳನ್ನು ನೋಡಿದರೇ ಸಾಕಿತ್ತು, ಅದು ಹತ್ತು ಕಿಲೋ ದಾಟಿ ಬೆಳೆಯಬೇಕಾದ ನಾಯಿ ಎಂಬುದು ತಿಳಿಯುತ್ತಿತ್ತು. ಆ ದಂಪತಿ ಜಿಪುಣರೂ ಅಲ್ಲ, ಕ್ರೂರಿಗಳೂ ಅಲ್ಲ. ಒಂದು ಹೆಸರನ್ನು ನಂಬಿ, ಆ ಹೆಸರಿಗೆ ತಕ್ಕ ಗಾತ್ರದಲ್ಲಿ ಮರಿಯನ್ನು ಹಿಡಿದಿಡಲು ಅದನ್ನು ಉಪವಾಸ ಕೆಡವಿದ್ದರು. ಇಂಥ ಮರಿಗಳನ್ನು ನಾನು ಆಮೇಲೂ ಬೇಕಾದಷ್ಟು ಕಂಡೆ.

ತಳಿಯ ಹೆಸರೆಂದರೆ ಬಾಯಿಮಾತಿನ ಸಂಗತಿಯಲ್ಲ. ನಾಯಿ ತಳಿಗಳನ್ನು ನೋಂದಾಯಿಸುವ ಸಂಸ್ಥೆಗಳಾದ ಕೆನಲ್ ಕ್ಲಬ್‌ಗಳು ಪ್ರತಿ ತಳಿಗೂ ಲಿಖಿತ ಮಾನದಂಡವನ್ನು ಇಟ್ಟಿವೆ. ಬ್ರಿಟನ್ನಿನ ಕೆನಲ್ ಕ್ಲಬ್ ಪಾಮೇರಿಯನ್ ಗಂಡಿಗೆ 1.8ರಿಂದ 2 ಕಿಲೋ, ಹೆಣ್ಣಿಗೆ 2ರಿಂದ 2.5 ಕಿಲೋ ತೂಕವನ್ನು ಹೇಳುತ್ತದೆ. ಅಮೆರಿಕನ್ ಕೆನಲ್ ಕ್ಲಬ್‌ನಲ್ಲಿ ಅದು 3ರಿಂದ 7 ಪೌಂಡು, ಅಂದರೆ ಹೆಚ್ಚೆಂದರೆ ಮೂರು ಕಿಲೋ ಚಿಲ್ಲರೆ. ನಮ್ಮ ಬೀದಿಗಳ ಗೇಟುಗಳ ಹಿಂದೆ ನಿಂತು ಅಂಚೆಯವನನ್ನು ಬೊಗಳುವ ಬಿಳಿ ನಾಯಿಗಳಲ್ಲಿ ಈ ಅಳತೆಗೆ ಇಳಿಯುವುದು ನೂರಕ್ಕೊಂದೂ ಇರಲಾರದು.

ಅವು ಇಂಡಿಯನ್ ಸ್ಪಿಟ್ಜ್ ನಾಯಿಗಳು. ಸ್ಪಿಟ್ಜ್ ಎಂದರೆ ದಟ್ಟ ಕೂದಲು, ನಿಮಿರಿದ ಚೂಪು ಕಿವಿ, ಬೆನ್ನ ಮೇಲೆ ಬಾಗಿದ ಬಾಲ ಇರುವ ನಾಯಿಗಳ ಗುಂಪು; ಪಾಮೇರಿಯನ್ ಕೂಡ ಇದೇ ಗುಂಪಿನದು. ಇವುಗಳಲ್ಲಿ ಎರಡು ಗಾತ್ರಗಳನ್ನು ಗುರುತಿಸುತ್ತಾರೆ: ಚಿಕ್ಕದು ಸುಮಾರು 5ರಿಂದ 7 ಕಿಲೋ, ದೊಡ್ಡದು 12 ಕಿಲೋದಿಂದ ಮೇಲಕ್ಕೆ. ಬ್ರಿಟಿಷರ ಕಾಲದಲ್ಲಿ ಬಂದ ಜರ್ಮನ್ ಸ್ಪಿಟ್ಜ್ ನಾಯಿಗಳ ವಂಶ ಇವು ಎಂಬುದು ಸಾಮಾನ್ಯ ನಂಬಿಕೆ. ಹಾಗಿದ್ದರೆ ‘ಪಾಮೇರಿಯನ್’ ಎಂಬ ಹೆಸರು ಇವುಗಳಿಗೆ ಅಂಟಿಕೊಂಡದ್ದು ಪೂರ್ತಿ ಅಕಾರಣವೂ ಅಲ್ಲ ಎಂದು ನನಗೆ ತೋರುತ್ತದೆ. ವಿಕ್ಟೋರಿಯಾ ರಾಣಿ 1888ರಲ್ಲಿ ಇಟಲಿಯ ಫ್ಲಾರೆನ್ಸ್‌ನಿಂದ ತಂದ ಮಾರ್ಕೊ ಎಂಬ ಪಾಮೇರಿಯನ್ ಸುಮಾರು 12 ಪೌಂಡು ತೂಗುತ್ತಿತ್ತು. ಅದಕ್ಕೂ ಮೊದಲು ಇಂಗ್ಲೆಂಡಿನ ಅರಮನೆಯಲ್ಲಿದ್ದ ಬಿಳಿ ಪಾಮೇರಿಯನ್‌ಗಳು ಇನ್ನೂ ದೊಡ್ಡವು. ರಾಣಿಗೆ ಚಿಕ್ಕದು ಇಷ್ಟವಾದದ್ದೇ ತಡ, ಸಾಕುವವರೆಲ್ಲ ಚಿಕ್ಕದರ ಬೆನ್ನು ಹತ್ತಿದರು, ಮಾನದಂಡವೂ ಕುಗ್ಗುತ್ತಾ ಬಂತು. ಅಲ್ಲಿ ನಾಯಿ ಚಿಕ್ಕದಾಯಿತು, ಇಲ್ಲಿ ನಾಯಿ ಹಾಗೇ ಉಳಿಯಿತು, ಹೆಸರು ಮಾತ್ರ ಎರಡೂ ಕಡೆ ಒಂದೇ ಆಗಿ ನಿಂತಿತು. ಮಾರ್ಕೊ ಇಂದು ಬದುಕಿದ್ದರೆ ಬ್ರಿಟನ್ನಿನ ಮಾನದಂಡದ ಪ್ರಕಾರ ಎರಡೂವರೆ ಪಟ್ಟಿಗೂ ಹೆಚ್ಚು ದಢೂತಿ ಎನಿಸಿಕೊಳ್ಳುತ್ತಿತ್ತು.

ಈಚೆಗೆ ಇನ್ನೊಂದು ಹೆಸರು ಪೇಟೆಗೆ ಬಂದಿದೆ. ಅದೇ ಮರಿಯನ್ನು ‘ಜಪಾನೀಸ್ ಸ್ಪಿಟ್ಜ್’ ಎಂದು ಕರೆದು ಹೆಚ್ಚಿನ ಬೆಲೆ ಹೇಳುತ್ತಾರೆ. ಜಪಾನೀಸ್ ಸ್ಪಿಟ್ಜ್ ಬೇರೆಯದೇ ತಳಿ. 1920ರ ಸುಮಾರಿಗೆ ಸೈಬೀರಿಯಾ ಮತ್ತು ಈಶಾನ್ಯ ಚೀನಾದ ಮಾರ್ಗವಾಗಿ ಜಪಾನಿಗೆ ಬಂದ ಬಿಳಿ ಜರ್ಮನ್ ಸ್ಪಿಟ್ಜ್‌ಗಳಿಂದ ಶುರುವಾಗಿ, ಮುಂದೆ ಕೆನಡಾ, ಅಮೆರಿಕ, ಆಸ್ಟ್ರೇಲಿಯಾಗಳಿಂದ ತರಿಸಿದ ನಾಯಿಗಳ ಜೊತೆ ಬೆರೆತು ರೂಪುಗೊಂಡ ಈ ತಳಿಗೆ ಜಪಾನ್ ಕೆನಲ್ ಕ್ಲಬ್ 1948ರಲ್ಲಿ ಏಕರೂಪದ ಮಾನದಂಡ ಕೊಟ್ಟಿತು. ಕೆನಲ್ ಕ್ಲಬ್‌ಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಎಫ್‌ಸಿಐ ಪಟ್ಟಿಯಲ್ಲಿ ಅದರ ಸಂಖ್ಯೆ 262. ಗಂಡುನಾಯಿಯ ಹೆಗಲ ಎತ್ತರ 30ರಿಂದ 38 ಸೆಂಟಿಮೀಟರ್, ಹೆಣ್ಣು ತುಸು ಚಿಕ್ಕದು, ಎತ್ತರಕ್ಕೂ ಉದ್ದಕ್ಕೂ 10ಕ್ಕೆ 11ರ ಪ್ರಮಾಣ, ಬಣ್ಣ ಶುದ್ಧ ಬಿಳಿ, ಮೂಗು ಕಪ್ಪು, ಕಿವಿ ನಿಮಿರಿರಬೇಕು, ಬಾಲ ಬೆನ್ನ ಮೇಲೆ ಬರಬೇಕು. ಈ ಕಡೆಯ ಎರಡರಲ್ಲಿ ಯಾವುದು ತಪ್ಪಿದರೂ ನಾಯಿ ಪ್ರದರ್ಶನಕ್ಕೆ ಅನರ್ಹ. ಅದೇ ಮಾನದಂಡದ ಒಂದು ಮಾತು ನನಗೆ ಬಹಳ ಮೆಚ್ಚುಗೆ: ಈ ನಾಯಿ ಗದ್ದಲ ಮಾಡಕೂಡದು. ಯುದ್ಧಾನಂತರ ಜಪಾನಿನಲ್ಲಿ ಮನೆಮನೆಗೂ ಹಬ್ಬಿದ ಸ್ಪಿಟ್ಜ್, ಬೊಗಳುವ ನಾಯಿ ಎಂದೇ ಹೆಸರು ಕೆಡಿಸಿಕೊಂಡಿತ್ತು. ಸಾಕುವವರು ಶಾಂತ ಸ್ವಭಾವದವನ್ನೇ ಆರಿಸಿ ಆರಿಸಿ ಅದನ್ನು ತಿದ್ದಿದರು. ನಮ್ಮ ಇಂಡಿಯನ್ ಸ್ಪಿಟ್ಜ್‌ಗೆ ಈ ನಿಯಮ ಹಚ್ಚಿದರೆ ಒಂದೂ ಉಳಿಯಲಾರದು ಎಂಬುದು ಬೇರೆ ಮಾತು.

ಹೆಸರು ಬೆಲೆಯನ್ನಷ್ಟೇ ಅಲ್ಲ, ಊರನ್ನೂ ಬದಲಿಸಬಲ್ಲದು. ಅಮೆರಿಕದಲ್ಲಿ ಜರ್ಮನ್ ಸ್ಪಿಟ್ಜ್ ಎನಿಸಿಕೊಂಡಿದ್ದ ಬಿಳಿ ನಾಯಿ, ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಜರ್ಮನಿಯ ಮೇಲಿನ ಸಿಟ್ಟಿನಿಂದಾಗಿ ಅಮೆರಿಕನ್ ಎಸ್ಕಿಮೊ ಆಯಿತು. ಆದರೆ ಅಲ್ಲಿನ ಕ್ಲಬ್‌ಗಳು ಹೆಸರು ಬದಲಿಸಿದ ಮೇಲೆ ಅಳತೆಯನ್ನೂ ಬರೆದಿಟ್ಟವು. ಟಾಯ್, ಮಿನಿಯೇಚರ್, ಸ್ಟ್ಯಾಂಡರ್ಡ್ ಎಂಬ ಮೂರು ಗಾತ್ರಗಳಿಗೂ ಇಂತಿಷ್ಟೇ ಅಂಗುಲವೆಂಬ ಮಿತಿಯಿದೆ. ಅಮೆರಿಕನ್ ಕೆನಲ್ ಕ್ಲಬ್‌ನಲ್ಲಿ 9 ಅಂಗುಲಕ್ಕಿಂತ ಕುಳ್ಳಾದರೂ 19 ಅಂಗುಲ ಮೀರಿದರೂ ಅನರ್ಹ. ನಮ್ಮಲ್ಲಿ ‘ಟಾಯ್’ ಎಂಬುದು ಮಾರುವವನ ಬಾಯಲ್ಲಿ ಹುಟ್ಟುವ ಶಬ್ದ.

ಮಾನದಂಡಗಳನ್ನು ನಾನು ವೇದವಾಕ್ಯವೆಂದು ಹೇಳುತ್ತಿಲ್ಲ. ಅವು ಹೆಚ್ಚಾಗಿ ರೂಪದ ವಿವರಣೆಗಳು. ಅತಿ ಚಿಕ್ಕ ಪಾಮೇರಿಯನ್‌ಗಳಲ್ಲಿ ಮಂಡಿಚಿಪ್ಪು ಜಾರುವುದು, ಶ್ವಾಸನಾಳ ಕುಸಿಯುವುದು ಸಾಮಾನ್ಯವಾಗಿರುವಾಗ ಚಿಕ್ಕದೇ ಚೆಂದ ಎನ್ನುವ ಅಳತೆಗೋಲನ್ನು ಕಣ್ಣುಮುಚ್ಚಿ ಒಪ್ಪಲು ವೈದ್ಯನಿಗೆ ಮನಸ್ಸು ಬಾರದು. ಆದರೆ ಬರೆದಿಟ್ಟ ಅಳತೆ ಇದ್ದರೆ ಕೊಳ್ಳುವವನು ಪ್ರಶ್ನೆಯನ್ನಾದರೂ ಕೇಳಬಹುದು. ಇಂಡಿಯನ್ ಸ್ಪಿಟ್ಜ್ ಎಫ್‌ಸಿಐ ಪಟ್ಟಿಯಲ್ಲಿಲ್ಲ; ಹಾಗಾಗಿಯೇ ಅದನ್ನು ಎಲ್ಲರೂ ಏನೋ ಒಂದರ ಕಳಪೆ ಪ್ರತಿಯೆಂದು ಕಾಣುತ್ತಾರೆ. ಅನ್ನ, ಮೊಸರು, ಒಂದಿಷ್ಟು ಮೊಟ್ಟೆ ತಿಂದುಕೊಂಡು, ನಮ್ಮ ಸೆಕೆಯನ್ನೂ ತಾಳಿಕೊಂಡು ಹನ್ನೆರಡು ಹದಿಮೂರು ವರ್ಷ ಬದುಕುವ ನಾಯಿಗೆ ಈ ಅವಮಾನ ಸಲ್ಲದು. ಮುಧೋಳ ನಾಯಿಗೆ ತಳಿಯ ಮನ್ನಣೆ ದೊರಕಿದ ನಾಡಿನಲ್ಲಿ ಇದರ ಅಳತೆಯನ್ನೂ ಯಾರಾದರೂ ಶ್ರದ್ಧೆಯಿಂದ ದಾಖಲಿಸುವುದು ಅಸಾಧ್ಯವೇನಲ್ಲ.

ಪತ್ರಿಕೆಯಿಂದ ನಾನು ಕೋರುವುದು ಇಷ್ಟು. ನಾಯಿ ತಳಿ ಅಭಿವೃದ್ಧಿ ಮತ್ತು ಮಾರಾಟಕ್ಕೆ ಸಂಬಂಧಿಸಿದ 2017ರ ಕೇಂದ್ರ ನಿಯಮಗಳ ಪ್ರಕಾರ ಮರಿ ಮಾಡಿಸಿ ಮಾರುವವರು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು, ಎಂಟು ವಾರ ತುಂಬದ ಮರಿಯನ್ನು ಮಾರಕೂಡದು. ಜಾಹೀರಾತು ಕೊಡುವವರಿಂದ ಆ ನೋಂದಣಿ ಸಂಖ್ಯೆ, ಮರಿಯ ವಯಸ್ಸು, ತಾಯಿ ತಂದೆಯ ತೂಕ ಈ ಮೂರನ್ನು ಕೇಳಿ ಅಚ್ಚು ಹಾಕಿರಿ. ತಾಯಿನಾಯಿ ಹನ್ನೊಂದು ಕಿಲೋ ಎಂದು ಒಂದು ಸಾಲಿದ್ದಿದ್ದರೆ, ಟವಲಿನಲ್ಲಿ ಬಂದ ಆ ಮರಿಗೆ ಹೊಟ್ಟೆತುಂಬ ಊಟ ಸಿಗುತ್ತಿತ್ತು.

ಇತಿ,
ನಿವೃತ್ತ ಪಶುವೈದ್ಯ, ಹಾಸನ