ಕುಡಿತ ಬಿಡಿಸಲು ಕೋಣೆಯಲ್ಲಿ ಕೂಡಿಹಾಕಬೇಡಿ

ಮಾನ್ಯ ಸಂಪಾದಕರೇ,

ಹಾಸನದ ಹೊರವಲಯದ ಬಡಾವಣೆಗಳಲ್ಲಿ ಕುಡಿತ ಬಿಡಿಸಲು ಮನೆಯವರು ಕುಡಿತದ ಚಟವಿರುವವರನ್ನು ಕೋಣೆಯಲ್ಲಿ ಕೂಡಿಹಾಕುವುದುಂಟು. ದಯವಿಟ್ಟು ಬೇಡ. ವರ್ಷಗಟ್ಟಲೆ ದಿನವೂ ಕುಡಿದವರು ದಿಢೀರನೆ ನಿಲ್ಲಿಸಿದರೆ 6ರಿಂದ 12 ಗಂಟೆಯೊಳಗೆ ಕೈನಡುಕ, ಬೆವರು, ವಾಂತಿ ಶುರುವಾಗುತ್ತದೆ. ಮೊದಲೆರಡು ದಿನಗಳಲ್ಲಿ ಫಿಟ್ಸ್ ಬರಬಹುದು. 2ರಿಂದ 4ನೇ ದಿನ ಕಾಣಿಸುವ ಸನ್ನಿ ಇನ್ನೂ ಅಪಾಯಕಾರಿ: ಹಾಸಿಗೆ ಮೇಲೆ ಇಲ್ಲದ ಹುಳುಗಳನ್ನು ಹೆಕ್ಕುತ್ತಾರೆ, ಸ್ವಂತ ಮನೆಯಲ್ಲೇ ಕುಳಿತು ‘ಮನೆಗೆ ಹೋಗಬೇಕು’ ಎನ್ನುತ್ತಾರೆ. ಗಾಳಿ ಸೋಕಿದೆಯೆಂದು ತಾಯತ ಕಟ್ಟಿಸುತ್ತಾ ಕೂತರೆ ಜೀವಕ್ಕೇ ಕುತ್ತು. ತಕ್ಷಣ 108ಕ್ಕೆ ಕರೆ ಮಾಡಿ.

ಫಿಟ್ಸ್, ಸನ್ನಿ ಇಲ್ಲದಿದ್ದರೆ ಹಾಸನದ ಸರ್ಕಾರಿ ವೈದ್ಯಕೀಯ ಕಾಲೇಜಾದ ಹಿಮ್ಸ್ ಆಸ್ಪತ್ರೆಯ ಮನೋವೈದ್ಯಕೀಯ ವಿಭಾಗಕ್ಕೆ ಬೆಳಿಗ್ಗೆಯೇ ಕರೆದುಕೊಂಡು ಹೋಗಿ. ದಿನಕ್ಕೆಷ್ಟು ಕುಡಿಯುತ್ತಿದ್ದರು, ಕೊನೆಯದಾಗಿ ಕುಡಿದದ್ದು ಎಷ್ಟು ಹೊತ್ತಿಗೆ, ಹಿಂದೆ ಫಿಟ್ಸ್ ಬಂದಿತ್ತೇ ಎಂಬುದನ್ನು ಚೀಟಿಯಲ್ಲಿ ಬರೆದೊಯ್ಯಿರಿ. ನಾಚಿಕೆಯಿಂದ ಕಡಿಮೆ ಹೇಳಿದರೆ ಔಷಧವೂ ಕಡಿಮೆ ಬೀಳುತ್ತದೆ. ನಡುಕ, ಫಿಟ್ಸ್ ತಡೆಯುವ ಡಯಾಜೆಪಾಮ್‌ನಂಥ ಮಾತ್ರೆಯನ್ನು ಸುಮಾರು ಒಂದು ವಾರ ಪ್ರಮಾಣ ಇಳಿಸುತ್ತಾ ಕೊಡುತ್ತಾರೆ. ನಡುವೆ ಸುಧಾರಿಸಿತೆಂದು ಆಸ್ಪತ್ರೆಯಿಂದ ಬಿಡಿಸಿಕೊಂಡು ಬರಬೇಡಿ. ಸುಸ್ತಿಗೆಂದು ಬೀದಿ ಕೊನೆಯ ಕ್ಲಿನಿಕ್‌ನಲ್ಲಿ ಬರೀ ಗ್ಲೂಕೋಸ್ ಹಾಕಿಸುವುದೂ ತಪ್ಪು. ಜೊತೆಗೆ ಥಯಾಮಿನ್ (ವಿಟಮಿನ್ ಬಿ1) ಇಲ್ಲದಿದ್ದರೆ ಮಿದುಳಿಗೆ ಹಾನಿಯಾಗಬಹುದು.

ಖಾಸಗಿ ವ್ಯಸನಮುಕ್ತಿ ಕೇಂದ್ರವಾದರೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಡಿ ನೋಂದಣಿ ಆಗಿದೆಯೇ, ರಾತ್ರಿ ವೈದ್ಯರಿರುತ್ತಾರೆಯೇ ಎಂದು ಕೇಳಿಯೇ ದುಡ್ಡು ಕಟ್ಟಿ. ವ್ಯಸನಮುಕ್ತಿಯ ಮಾಹಿತಿಗೆ ಸಹಾಯವಾಣಿ 14446, ಮಾನಸಿಕ ನೆರವಿಗೆ 14416, ಎರಡೂ ಉಚಿತ. ಈ ಸಂಖ್ಯೆಗಳನ್ನು ಪ್ರತಿ ಬಡಾವಣೆಯ ಅಂಗನವಾಡಿ, ನ್ಯಾಯಬೆಲೆ ಅಂಗಡಿ, ಮದ್ಯದಂಗಡಿ ಗೋಡೆಯ ಮೇಲೂ ಜಿಲ್ಲಾಡಳಿತ ಬರೆಸಲಿ.

– ಸಮುದಾಯ ಆರೋಗ್ಯ ಕಾರ್ಯಕರ್ತರು, ಹಾಸನ