ಬಾಣಂತಿ ಮನೆಯೊಳಗೇ ಇರಲಿ: ಅರಸೀಕೆರೆ ಕಡೆಯ ಹಟ್ಟಿಗಳಿಗಾಗಿ ದೇಣಿಗೆ ಮನವಿ

ಬಂಧುಗಳೇ,

ನಮ್ಮ ಅರಸೀಕೆರೆ ತಾಲ್ಲೂಕಿನ ಕೆಲವು ಗೊಲ್ಲರಹಟ್ಟಿಗಳಲ್ಲಿ ಮುಟ್ಟಾದ ಹೆಣ್ಣುಮಕ್ಕಳು ಇವತ್ತಿಗೂ ಮನೆಯಾಚೆ ಉಳಿಯುತ್ತಾರೆ. ಬಾಣಂತಿಯರೂ ಅಷ್ಟೇ, ಕೂಸಿನ ಸಮೇತ. 2023ರ ಮಳೆಗಾಲದಲ್ಲಿ ತುಮಕೂರು ಹತ್ತಿರದ ಹಟ್ಟಿಯೊಂದರಲ್ಲಿ ಹೀಗೆ ಗುಡಿಸಲಲ್ಲಿದ್ದ ಎಳೆಗೂಸು ತೀರಿಕೊಂಡಿತು.

ಕಾನೂನು ಇಲ್ಲವಾ? ಇದೆ. ರಾಜ್ಯದ 2017ರ ಮೌಢ್ಯ ನಿಷೇಧ ಕಾಯ್ದೆ 2020ರಲ್ಲಿ ಜಾರಿಗೆ ಬಂತು. ಮುಟ್ಟಾದವರನ್ನು, ಗರ್ಭಿಣಿಯರನ್ನು ಬೇರೆ ಇಡುವುದು ಅದರಲ್ಲಿ ಅಪರಾಧ. ಆದರೆ ಕೇಸು ಯಾರ ಮೇಲೆ ಹಾಕೋದು? ಹೊರಗೆ ಕೂರು ಅನ್ನುವವಳು ಅತ್ತೆ. ಹೊತ್ತೊತ್ತಿಗೆ ಮುದ್ದೆ ತಂದಿಡುವವಳೂ ಅದೇ ಅತ್ತೆ. ಅವಳ ಭಯ ಬೇರೆ: "ನಮ್ಮನೆಯವರು ಮಾತ್ರ ಈ ಪದ್ಧತಿ ಬಿಟ್ಟರೆ, ನಾಳೆ ಯಾರದೋ ಕುರಿ ಸತ್ತರೂ ನಮ್ಮ ತಲೆಗೇ ಬರುತ್ತೆ."

ಒಂಟಿ ಮನೆಯ ಈ ಭಯ ಆಫ್ರಿಕಾದ ಸೆನೆಗಲ್‌ನಲ್ಲೂ ಇತ್ತು. ಅಲ್ಲಿನ ಪದ್ಧತಿ ಇನ್ನೂ ಕ್ರೂರ, ಹೆಣ್ಣುಮಕ್ಕಳ ಜನನಾಂಗ ಕತ್ತರಿಸುವುದು. ಕತ್ತರಿಸದ ಹುಡುಗಿಗೆ ಗಂಡು ಸಿಗಲ್ಲ ಅಂತ ತಾಯಂದಿರು ಹೆದರುತ್ತಿದ್ದರು. 1997ರಲ್ಲಿ ಮಲಿಕುಂಡಾ ಬಂಬಾರಾ ಹಳ್ಳಿಯ ಹೆಂಗಸರು ಎಲ್ಲರೆದುರು ನಿಂತು ಇನ್ನು ಬೇಡ ಅಂದರು. ಆಮೇಲೆ ದೆಂಬಾ ದಿಯಾವಾರಾ ಎಂಬ ಹಿರಿಯ ಇಮಾಮರು ಹೆಣ್ಣು ಕೊಟ್ಟು ತರುವ ಊರುಗಳಿಗೆ ಒಂದೊಂದಾಗಿ ನಡೆದು ಹೋದರು. ನೆಂಟರೆಲ್ಲ ಒಟ್ಟಿಗೆ ಬಿಟ್ಟರೆ ಮಾತ್ರ ಆಗುತ್ತೆ ಅನ್ನೋದು ಅವರ ಲೆಕ್ಕ. ಕಾನೂನು ಬಂದದ್ದು 1999ರಲ್ಲಿ. ಅಲ್ಲಿ ಪೂರ್ತಿ ನಿಂತಿಲ್ಲ, ಅದನ್ನೂ ಹೇಳಬೇಕು. ಆದರೂ ದಾರಿ ನಮಗೆ ಸರಿ ಕಂಡಿದೆ.

ಹಾಗಾಗಿ ನೆಂಟಸ್ತನ ಇರುವ ಹಟ್ಟಿಗಳ ಯಜಮಾನರು, ಪೂಜಾರರು, ಅಜ್ಜಿಯರನ್ನು ಒಂದೇ ದಿನ ಒಂದೇ ಕಡೆ ಕೂರಿಸಬೇಕು ಅಂದುಕೊಂಡಿದ್ದೇವೆ. ಅಜ್ಜಿಯರು ಬರದಿದ್ದರೆ ಸಭೆ ದಂಡ. ಬಸ್ಸು, ಶಾಮಿಯಾನ, ಊಟದ ಖರ್ಚಿದೆ. ಬಾಣಂತಿಯನ್ನು ಒಳಗೇ ಇಟ್ಟುಕೊಳ್ಳಲು ಒಪ್ಪುವ ಮನೆಗಳಿಗೆ ಬಚ್ಚಲು, ಶೌಚಾಲಯ ಕಟ್ಟಿಸಿಕೊಡಬೇಕು. ಜಾಸ್ತಿ ಹಣ ಹಿಡಿಯೋದು ಇದಕ್ಕೇ.

ಗುಡಿಸಲ ಜಾಗದಲ್ಲಿ ಆರ್‌ಸಿಸಿ ಕಟ್ಟಡ ಕಟ್ಟಿಸಿಕೊಡ್ತೀವಿ ಅಂತ ಒಬ್ಬ ದಾನಿಗಳು ಮುಂದೆ ಬಂದಿದ್ದರು. ಒಳ್ಳೆ ಮನಸ್ಸೇ. ಆದರೂ ಬೇಡ ಅಂದೆವು. ಹೊರಗಿಡೋಕೆ ಇನ್ನೂ ಗಟ್ಟಿ ಗೋಡೆ ಯಾಕೆ, ಅಲ್ವಾ?

ನೂರು ರೂಪಾಯಿ ಕೊಟ್ಟರೂ ಸಂತೋಷ. ಸಿಮೆಂಟು, ಇಟ್ಟಿಗೆ, ಊಟಕ್ಕೆ ರಾಗಿ, ತೆಂಗಿನಕಾಯಿ ಕೊಟ್ಟರೂ ಆಗುತ್ತದೆ. ಎಲ್ಲಕ್ಕೂ ರಸೀದಿ ಕೊಡುತ್ತೇವೆ. ಕೆಲಸ ನೋಡಲು ಬರುವವರು ಬನ್ನಿ, ಆದರೆ ಹಟ್ಟಿಯಲ್ಲಿ ಮೊಬೈಲ್ ತೆಗೆದು ಫೋಟೋ ಹೊಡೆಯಬೇಡಿ. ಅಲ್ಲಿನ ಹೆಣ್ಣುಮಕ್ಕಳು ನಮ್ಮಲ್ಲಿ ಕೇಳಿಕೊಂಡಿರುವುದು ಅದೊಂದೇ.

ಇಂತಿ,
ಟ್ರಸ್ಟಿನ ಪದಾಧಿಕಾರಿಗಳು, ಅರಸೀಕೆರೆ