ಮಗಳಿಗೊಂದು ಪತ್ರ: ಈ ವರ್ಷದ ಕ್ಯಾರಲ್ ಕಾಣಿಕೆ

ಮಂಗಳೂರು
27 ಡಿಸೆಂಬರ್ 2020, ಭಾನುವಾರ

ಪ್ರೀತಿಯ ಮಗಳೇ,

ಹಬ್ಬದ ದಿನ ನೀನು ಲಂಡನ್‌ನಿಂದ ಫೋನಿನಲ್ಲಿ ಕೇಳಿದ ಎರಡು ಪ್ರಶ್ನೆಗಳಿಗೆ ನನಗೆ ಸರಿಯಾಗಿ ಉತ್ತರಿಸಲು ಆಗಲಿಲ್ಲ. ಮನೆಮನೆಗೆ ಹೋಗಿ ಹಾಡುವ ಕ್ಯಾರಲ್ ಇಲ್ಲದೆ ಕ್ರಿಸ್ಮಸ್ ಹೇಗೆ ನಡೆಯಿತು ಎಂಬುದು ಒಂದು, ನೀನು ಕಳುಹಿಸಿದ ಹಣ ಯಾರಿಗೆ ಸೇರಿತು ಎಂಬುದು ಇನ್ನೊಂದು. ಅಪ್ಪ, ಅಜ್ಜಿ, ತಮ್ಮ ಎಲ್ಲರೂ ನಿನ್ನೊಂದಿಗೆ ಮಾತನಾಡಲು ಕಾದು ನಿಂತಿದ್ದಾಗ ಲೆಕ್ಕದ ವಿಷಯ ತೆಗೆಯುವುದು ನನಗೆ ಸರಿ ಕಾಣಲಿಲ್ಲ. ಆದ್ದರಿಂದ ಇಂದು ಆರಾಧನೆ ಮುಗಿಸಿ ಬಂದವಳೇ ಬರೆಯಲು ಕುಳಿತಿದ್ದೇನೆ. ಎರಡನೆಯ ಪ್ರಶ್ನೆಗೆ ಹೆಸರು ಹಿಡಿದು ಉತ್ತರ ಕೊಡಲಾರೆ, ಆದರೆ ಹಣ ನಡೆದ ದಾರಿಯನ್ನು ಮಾತ್ರ ಪೂರ್ತಿಯಾಗಿ ತಿಳಿಸುತ್ತೇನೆ.

ಕೊರೊನಾದ ಕಾರಣ ಈ ಸಲ ಕ್ಯಾರಲ್ ಬೇಡವೆಂದು ನಮ್ಮ ಚರ್ಚಿನ ಸಭಾ ಸಮಿತಿಯಲ್ಲಿ ನವೆಂಬರ್‌ನಲ್ಲೇ ತೀರ್ಮಾನವಾಗಿತ್ತು. ಯುವಜನ ಸಂಘದ ಹುಡುಗರಿಗೆ ಇದು ಒಪ್ಪಿಗೆಯಾಗಲಿಲ್ಲ. ಮಾಸ್ಕ್ ಹಾಕಿಕೊಂಡು, ಕಡಿಮೆ ಜನ ಹೋಗಿ, ಅಂಗಳದಲ್ಲೇ ನಿಂತು ಹಾಡಿ ಬರುತ್ತೇವೆ ಎಂದು ಅವರು ಕೇಳಿಕೊಂಡರು. ಅವರ ಮಾತಿನಲ್ಲಿ ಪ್ರೀತಿಯಿತ್ತು, ಆದರೂ ನಾನು ಬೇಡವೆಂದೇ ಹೇಳಿದೆ. ಕ್ಯಾರಲ್ ತಂಡ ಬಂದಾಗ ಹೊರಗೆ ಬಂದು ಕುರ್ಚಿಯಲ್ಲಿ ಕುಳಿತು ಕೇಳುವವರು ಯಾರೆಂದು ನಿನಗೆ ಗೊತ್ತಲ್ಲ. ಮನೆಯ ಅತ್ಯಂತ ಹಿರಿಯ ಜೀವ ಯಾವುದೋ ಅದೇ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಸ್ಕ್ಯಾಗಿಟ್ ಕಣಿವೆಯಲ್ಲಿ ಮಾರ್ಚ್ ತಿಂಗಳ ಒಂದು ಸಂಜೆ ಹಾಡಿನ ಅಭ್ಯಾಸಕ್ಕೆ ಸೇರಿದ್ದ 61 ಮಂದಿಯಲ್ಲಿ 53 ಮಂದಿಗೆ ಕಾಯಿಲೆ ಬಂದು ಇಬ್ಬರು ತೀರಿಕೊಂಡ ವರದಿಯನ್ನು ನೀನೇ ನನಗೆ ಕಳುಹಿಸಿದ್ದೆ. ಅದನ್ನು ಸಮಿತಿಯಲ್ಲಿ ಓದಿ ಹೇಳಿದ ಮೇಲೆ ಹುಡುಗರು ಮರುಮಾತನಾಡಲಿಲ್ಲ.

ಆದರೆ ಕ್ಯಾರಲ್ ನಿಂತರೆ ಏನೇನು ನಿಲ್ಲುತ್ತದೆ ಎಂಬುದು ನಮಗೆ ನಿಧಾನವಾಗಿ ಅರಿವಾಯಿತು. ಕ್ಯಾರಲ್ ತಂಡಕ್ಕೆ ಮನೆಯವರು ಕೊಡುವ ಕಾಣಿಕೆಯ ಲಕೋಟೆಗಳು ನಿಲ್ಲುತ್ತವೆ ಎಂಬುದಂತೂ ಎಲ್ಲರಿಗೂ ಹೊಳೆದಿತ್ತು. ಆ ಹಣದಿಂದಲೇ ಪ್ರತಿ ವರ್ಷ ವಿಧವೆಯರಿಗೆ ಸಹಾಯ, ಕೆಲವು ಮಕ್ಕಳ ಶಾಲಾ ಶುಲ್ಕ, ಆಸ್ಪತ್ರೆಯ ಬಿಲ್ಲು ಎಲ್ಲ ನಡೆಯುತ್ತಿತ್ತು. ಹಣದ ಜೊತೆಗೆ ಇನ್ನೊಂದು ಸಂಗತಿಯೂ ಬರುತ್ತಿದ್ದುದನ್ನು ನಾವು ಯಾರೂ ಗಮನಿಸಿರಲಿಲ್ಲ. ಮನೆಮನೆಯ ಒಳಗೆ ಹೋಗಿ ಬಂದ ಹುಡುಗರೇ, ಇಂಥವರ ಮನೆಯ ಮಾಡು ಸೋರುತ್ತಿದೆ, ಇಂಥವರು ಹಾಸಿಗೆ ಹಿಡಿದಿದ್ದಾರೆ, ಇಂಥವರ ಮನೆಯಲ್ಲಿ ಈ ಸಲ ನಕ್ಷತ್ರ ಹಚ್ಚಿಲ್ಲ ಎಂದು ಸಭಾಪಾಲಕರಿಗೆ ತಿಳಿಸುತ್ತಿದ್ದರು. ಹಣವನ್ನು ಬೇರೆ ದಾರಿಯಿಂದ ತರಬಹುದು. ಈ ತಿಳಿವಳಿಕೆಯನ್ನು ಎಲ್ಲಿಂದ ತರುವುದು ಎಂಬುದೇ ನಮ್ಮ ಚಿಂತೆಯಾಯಿತು.

ಆಗ ಸ್ತ್ರೀ ಸಂಘದವರು ಮನೆಗಳನ್ನು ಹಂಚಿಕೊಂಡು ಫೋನ್ ಮಾಡುವುದೆಂದು ಮಾತಾಯಿತು. ಕಷ್ಟವಿದೆಯೇ ಎಂದು ನೇರವಾಗಿ ಕೇಳಿದರೆ ಮಾನವಂತರಾದವರು ಯಾರೂ ಹೌದೆನ್ನುವುದಿಲ್ಲ. ಅದಕ್ಕೆ ನಾನು ಹಬ್ಬದ ತಿಂಡಿಯ ಮಾತು ತೆಗೆಯುತ್ತಿದ್ದೆ. ಒಬ್ಬಾಕೆ, “ಈ ಸಲ ಎಣ್ಣೆ ಇಡುವುದಿಲ್ಲ ಅಕ್ಕ” ಎಂದಳು. ಸಾವಾದ ಮನೆಯಲ್ಲಿ ಆ ವರ್ಷ ಕರಿದ ತಿಂಡಿ ಮಾಡುವುದಿಲ್ಲ, ನಿಜ. ಆದರೆ ಅವಳ ಮನೆಯಲ್ಲಿ ಯಾರೂ ತೀರಿಕೊಂಡಿರಲಿಲ್ಲ. ಗಂಡ ಸಿಟಿ ಬಸ್ಸಿನಲ್ಲಿ ಕಂಡಕ್ಟರ್, ಬಸ್ಸುಗಳು ಮತ್ತೆ ಓಡತೊಡಗಿದರೂ ಎಲ್ಲರಿಗೂ ಮೊದಲಿನಂತೆ ದಿನಗಳು ಸಿಗುತ್ತಿರಲಿಲ್ಲ, ಎಣ್ಣೆಯ ಬೆಲೆಯೂ ಏರಿತ್ತು. ಹೀಗೆ ಒಂದೊಂದು ಮಾತಿನ ಸಂದಿಯಿಂದ ನಾವು ಪಟ್ಟಿ ಮಾಡಿಕೊಂಡೆವು. ಹೋದ ವರ್ಷದವರೆಗೆ ದಪ್ಪ ಲಕೋಟೆ ಕೊಡುತ್ತಿದ್ದ ಮನೆಗಳೂ ಆ ಪಟ್ಟಿಯೊಳಗೆ ಬಂದವು. ಅನುದಾನವಿಲ್ಲದ ಶಾಲೆಯ ಶಿಕ್ಷಕಿ, ಶಾಮಿಯಾನ ಬಾಡಿಗೆಗೆ ಕೊಡುವವರು, ಗಲ್ಫ್‌ನಲ್ಲಿ ಕೆಲಸ ಕಳೆದುಕೊಂಡು ಬಂದವರು, ಮದುವೆಗಳಿಗೆ ಅಡುಗೆ ಮಾಡುವವರು ಎಲ್ಲ ಅದರಲ್ಲಿದ್ದರು. ಕೊಡುವವರು ಬೇರೆ, ಪಡೆಯುವವರು ಬೇರೆ ಎಂದು ನಾವು ಇಷ್ಟು ಕಾಲ ಎಳೆದುಕೊಂಡಿದ್ದ ಗೆರೆ ಒಂದೇ ವರ್ಷದಲ್ಲಿ ಅಳಿಸಿಹೋಯಿತು. ನಾನು ನಿನಗೆ ಹೆಸರು ಹೇಳದಿರಲು ಕಾರಣವೂ ಇದೇ. ಮುಂದಿನ ವರ್ಷ ಅವರ ಮನೆಯಂಗಳದಲ್ಲಿ ನೀನು ಹಾಡಲು ನಿಂತಾಗ ನಿನ್ನ ಕಣ್ಣಿನಲ್ಲಿ ಆ ಸಂಗತಿ ಇರಬಾರದು.

ಹಣ ಸೇರಿಸಿದ ಬಗೆ ನಿನಗೆ ಅರ್ಧ ಗೊತ್ತೇ ಇದೆ, ಏಲಂನಲ್ಲಿ ನೀನೂ ಕೂಗಿದವಳು. ಬೆಳೆ ಹಬ್ಬದಲ್ಲಿ ಚರ್ಚಿನ ಅಂಗಳದಲ್ಲಿ ಬೆಳೆಗಳನ್ನು ಹರಾಜು ಕೂಗುತ್ತಿದ್ದ ಏಲಂ ಈ ಸಲ ವಾಟ್ಸ್ಆ್ಯಪ್‌ಗೆ ಬಂತು. ಸಂಜೆ ಏಳರ ನಂತರ ಸಮಯ ಇಟ್ಟದ್ದೇ ದುಬೈಯವರೂ ಲಂಡನ್‌ನವರೂ ಎಚ್ಚರವಿರಲಿ ಎಂದು. ಒಂದು ಬಾಳೆಗೊನೆಯ ಕಥೆ ಮಾತ್ರ ಹೇಳುತ್ತೇನೆ. ಗೊನೆಯ ಫೋಟೋ ಬಂತು, ಏಲಂ ಕೂಗುವ ಹಿರಿಯರು ತಮ್ಮ ಎಂದಿನ ಧಾಟಿಯಲ್ಲಿ “ಒಂದು ಸಾರಿ, ಎರಡು ಸಾರಿ” ಎಂದು ಧ್ವನಿ ಸಂದೇಶ ಕಳುಹಿಸುತ್ತಿದ್ದರು. ದುಬೈಯಲ್ಲಿರುವವರೊಬ್ಬರು ಅದನ್ನು ಹಿಡಿದು, “ನನಗೆ ಹಣ್ಣು ತಲುಪುವುದಿಲ್ಲ, ಮತ್ತೆ ಏಲಂಗೆ ಹಾಕಿ” ಎಂದರು. ಮತ್ತೊಬ್ಬರು ಹಿಡಿದು ಅವರೂ ಮರಳಿ ಕೊಟ್ಟರು. ಹಾಗೆ ಅದೇ ಗೊನೆ ಮೂರು ಊರುಗಳ ಹೆಸರಿನಲ್ಲಿ ಮಾರಾಟವಾಗಿ, ಕೊನೆಗೆ ಅದನ್ನು ಬೆಳೆದ ಮನೆಯ ಪಕ್ಕದಲ್ಲೇ ಇರುವ ವೃದ್ಧ ದಂಪತಿಗೆ ಹೋಯಿತು. ಅಷ್ಟರಲ್ಲಿ ಕಾಯಿಗಳು ಹಣ್ಣಾಗತೊಡಗಿದ್ದವು.

ವಿದೇಶದಿಂದ ಬಂದ ಎಲ್ಲ ಹಣವನ್ನೂ ನಾವು ತೆಗೆದುಕೊಳ್ಳಲಿಲ್ಲ ಎಂಬುದನ್ನು ನೀನು ತಿಳಿದಿರಬೇಕು, ಏಕೆಂದರೆ ಅಲ್ಲಿನ ಕೆಲವು ಗೆಳತಿಯರು ಬೇಸರಪಟ್ಟುಕೊಂಡಿದ್ದಾರೆ ಎಂದು ಕೇಳಿದ್ದೇನೆ. ಎಫ್‌ಸಿಆರ್‌ಎ ಎಂಬ ವಿದೇಶಿ ದೇಣಿಗೆ ನಿಯಂತ್ರಣ ಕಾನೂನಿನ ಪ್ರಕಾರ ನೋಂದಣಿಯಿಲ್ಲದ ಸಂಸ್ಥೆ ವಿದೇಶಿ ದೇಣಿಗೆ ಪಡೆಯುವಂತಿಲ್ಲ. ನೋಂದಣಿಯಿದ್ದವರೂ ಈ ಸೆಪ್ಟೆಂಬರ್‌ನಲ್ಲಿ ಬಂದ ತಿದ್ದುಪಡಿಯ ಪ್ರಕಾರ ದೆಹಲಿಯ ಸ್ಟೇಟ್ ಬ್ಯಾಂಕ್ ಶಾಖೆಯ ಖಾತೆಯ ಮೂಲಕವೇ ಅದನ್ನು ಪಡೆಯಬೇಕು. ಭಾರತದ ಪಾಸ್‌ಪೋರ್ಟ್ ಇರುವ ನಿನ್ನಂಥವರು ಬ್ಯಾಂಕಿನ ಮೂಲಕ ಕಳುಹಿಸುವ ಸ್ವಂತ ಉಳಿತಾಯ ವಿದೇಶಿ ದೇಣಿಗೆಯಾಗುವುದಿಲ್ಲ, ಅಲ್ಲಿನ ಪೌರತ್ವ ಪಡೆದವರದ್ದು ಆಗುತ್ತದೆ. ಖಜಾಂಚಿಯವರು ಇದರಲ್ಲಿ ಒಂದಿಷ್ಟೂ ಸಡಿಲ ಬಿಡಲಿಲ್ಲ, ಅವರು ಮಾಡಿದ್ದು ಸರಿ. ಬಡವರ ಹೆಸರಿನಲ್ಲಿ ಸೇರಿಸುವ ಹಣದ ಲೆಕ್ಕ ಉಳಿದೆಲ್ಲ ಲೆಕ್ಕಗಳಿಗಿಂತ ಚೊಕ್ಕಟವಾಗಿರಬೇಕು. ನಿನ್ನ ಗೆಳತಿಯರಿಗೆ ನನ್ನ ಪರವಾಗಿ ಇದನ್ನು ಸಮಾಧಾನದಿಂದ ತಿಳಿಸು.

ಇನ್ನು ಮುಟ್ಟಿಸಿದ ಬಗೆ. ಲಾಕ್‌ಡೌನ್ ಕಾಲದಲ್ಲಿ ಊರೆಲ್ಲ ಕಿಟ್ ಹಂಚಿದ್ದನ್ನು ನಾವು ನೋಡಿದ್ದೇವೆ. ಅಕ್ಕಿ, ಬೇಳೆ, ಸಕ್ಕರೆ, ಚಹಾಪುಡಿ, ಸಾಬೂನು ತುಂಬಿದ ಚೀಲವನ್ನು ನಾಲ್ಕು ಜನ ಹಿಡಿದುಕೊಂಡು, ಪಡೆಯುವವರನ್ನು ನಡುವೆ ನಿಲ್ಲಿಸಿ ತೆಗೆದ ಫೋಟೋಗಳು ದಿನವೂ ಬರುತ್ತಿದ್ದವು. ಹಸಿದ ಹೊತ್ತಿಗೆ ಅನ್ನ ಕೊಟ್ಟವರನ್ನು ನಾನು ಹೀಗಳೆಯುವುದಿಲ್ಲ, ಆ ಚೀಲಗಳಿಂದ ಎಷ್ಟೋ ಮನೆಗಳ ಒಲೆ ಉರಿದಿದೆ. ಆದರೆ ಆ ಫೋಟೋಗಳನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತಿತ್ತು. ನಮ್ಮ ಹಣದಿಂದ ಚೀಲವೂ ಬೇಡ, ಫೋಟೋವೂ ಬೇಡ ಎಂದು ಸ್ತ್ರೀ ಸಂಘ ಪಟ್ಟು ಹಿಡಿಯಿತು. ಹತ್ತಿರದ ದಿನಸಿ ಅಂಗಡಿಯವರ ಹತ್ತಿರ ಮಾತನಾಡಿ, ಪ್ರತಿ ಮನೆಯ ಹೆಸರಿನಲ್ಲಿ ಒಂದು ಮೊತ್ತವನ್ನು ಮುಂಗಡವಾಗಿ ಬರೆಸಿದೆವು. ಅವರು ಎಂದಿನಂತೆ ಅಂಗಡಿಗೆ ಹೋಗಿ, ಬೇಕಾದ್ದನ್ನು ತೂಗಿಸಿಕೊಂಡು ಬರುವುದು. ಪಕ್ಕದಲ್ಲಿ ನಿಂತವರಿಗೆ ಅದು ತಿಂಗಳ ಲೆಕ್ಕದ ವ್ಯಾಪಾರದಂತೆಯೇ ಕಾಣಬೇಕು. ಔಷಧಿ ಅಂಗಡಿಯಲ್ಲಿಯೂ ಹಾಗೆಯೇ ಮಾಡಿದೆವು.

ಹಬ್ಬಕ್ಕೆ ಮೊದಲು ಅಂಗಡಿಯ ಪುಸ್ತಕ ನೋಡಲು ಹೋದಾಗ, ಎಣ್ಣೆ ಇಡುವುದಿಲ್ಲ ಎಂದಿದ್ದಳಲ್ಲ, ಆಕೆಯ ಪುಟ ಕಣ್ಣಿಗೆ ಬಿತ್ತು. ಮೈದಾ, ಸಕ್ಕರೆ, ತೆಂಗಿನೆಣ್ಣೆ, ಏಲಕ್ಕಿ, ಅದರ ಕೆಳಗೆ ಒಂದು ಕಾಗದದ ನಕ್ಷತ್ರ ಮತ್ತು ಅದಕ್ಕೊಂದು ಬಲ್ಬು. ಅಕ್ಕಿ ಇರಲಿಲ್ಲ, ಬಹುಶಃ ರೇಷನ್ ಅಕ್ಕಿ ಮನೆಯಲ್ಲಿತ್ತು. ನನ್ನ ಜೊತೆಗೆ ಬಂದಿದ್ದ ಸಮಿತಿಯವರೊಬ್ಬರು, ಸಹಾಯದ ಹಣ ನಕ್ಷತ್ರಕ್ಕೆ ಹೋಗಬಹುದೇ ಎಂದು ಕೇಳಿದರು. ಹೋಗಬೇಕು ಎಂದೆ. ಅನ್ನಕ್ಕೆ ಮಾತ್ರ ಹಕ್ಕಿದೆ, ಹಬ್ಬಕ್ಕೆ ಇಲ್ಲ ಎಂದು ಹೇಳುವ ಅಧಿಕಾರವನ್ನು ನಮಗೆ ಯಾರು ಕೊಟ್ಟಿದ್ದಾರೆ? ಅವರು ಒಪ್ಪಿದರೋ ಇಲ್ಲವೋ, ಆ ಸಾಲಿನ ಮೇಲೆ ಮತ್ತೆ ಬೆರಳಿಡಲಿಲ್ಲ. ನೀನು ಕಳುಹಿಸಿದ ಹಣ ಇಂಥ ಪುಟಗಳಿಗೇ ಹೋಗಿದೆ.

ಇನ್ನೊಂದು ಪಾಲು ಕೂಲಿಯಾಗಿ ಹೋಯಿತು. ಮಾರ್ಚ್‌ನಿಂದ ಮದುವೆ ಮೆರವಣಿಗೆಗಳಿಲ್ಲದೆ ಬ್ಯಾಂಡಿನವರಿಗೆ ಕೆಲಸವೇ ಇರಲಿಲ್ಲ. ಅವರಿಗೆ ಅಂಗಡಿ ಪುಸ್ತಕದ ಸಹಾಯ ಬೇಡವಾಗಿತ್ತು, ಕೆಲಸ ಬೇಕಾಗಿತ್ತು. ಯುವಜನ ಸಂಘದವರೇ ಯೋಚಿಸಿ, ಪೊಲೀಸ್ ಠಾಣೆಯಲ್ಲಿ ಅನುಮತಿ ಪಡೆದು, ಹಬ್ಬದ ಮುನ್ನಾದಿನ ಸಂಜೆ ಒಂದು ತೆರೆದ ಟೆಂಪೋದಲ್ಲಿ ಮೂವರು ವಾದ್ಯಗಾರರನ್ನು ದೂರದೂರ ಕೂರಿಸಿ ಬೀದಿಬೀದಿಗೆ ಕಳುಹಿಸಿದರು. ರಾತ್ರಿ ಕರ್ಫ್ಯೂ ಎಂದು ಸರ್ಕಾರ 23ರಂದು ಘೋಷಿಸಿ 24ರಂದು ಹಿಂದಕ್ಕೆ ಪಡೆದ ಗಡಿಬಿಡಿಯ ನಡುವೆ ನಮಗೆ ಇದು ನಡೆಯುವ ಖಾತ್ರಿಯೇ ಇರಲಿಲ್ಲ; ಅಂತೂ ಕತ್ತಲಾಗುವ ಹೊತ್ತಿಗೆ ಶುರುಮಾಡಿ ಒಂಬತ್ತಕ್ಕೆ ಮುಗಿಸಿದರು. ಪ್ರತಿ ತಿರುವಿನಲ್ಲಿ ಗಾಡಿ ನಿಲ್ಲಿಸಿ ಒಂದು ರಾಗ, ಆಮೇಲೆ ಮುಂದಿನ ಬೀದಿ. ಗೇಟಿನ ಒಳಗೇ ನಿಂತು ಕೇಳಬೇಕೆಂದು ಮೊದಲೇ ತಿಳಿಸಿದ್ದೆವು. ಕ್ರೈಸ್ತರಲ್ಲದ ನೆರೆಮನೆಗಳವರೂ ಹೊರಗೆ ಬಂದು ನಿಂತಿದ್ದರು. ನಿನ್ನ ಅಜ್ಜಿ ಕುರ್ಚಿ ಹಾಕಿಸಿಕೊಂಡು, ಶಾಲು ಹೊದ್ದು, ಟೆಂಪೋ ಎರಡು ಬೀದಿ ದಾಟಿ ಹೋದ ಮೇಲೂ ಒಳಗೆ ಬರಲು ಒಪ್ಪಲಿಲ್ಲ. ವಾದ್ಯಗಾರರಿಗೆ ಮದುವೆಗೆ ಕೊಡುವಷ್ಟೇ ದರ ಕೊಟ್ಟೆವು, ಕಡಿಮೆ ಮಾಡಲಿಲ್ಲ.

ಹಬ್ಬದ ದಿನದ ಆರಾಧನೆಯ ಬಗ್ಗೆ ಹೆಚ್ಚು ಹೇಳಲು ಇಲ್ಲ. ಹೆಸರು ಬರೆಸಿದವರನ್ನು ಸರತಿಗಳಾಗಿ ವಿಂಗಡಿಸಿದ್ದರು, ಬೆಂಚಿಗೆ ಇಬ್ಬರಂತೆ ಕುಳಿತೆವು, ಕೈ ಕುಲುಕಲಿಲ್ಲ, ಅರವತ್ತೈದು ದಾಟಿದವರು ಮನೆಯಲ್ಲೇ ಫೋನಿನಲ್ಲಿ ನೋಡಿದರು.

ನೀನು ಬರಲಾಗದ ಬಗ್ಗೆ ನಾನು ದುಃಖ ತೋಡಿಕೊಳ್ಳಬಾರದೆಂದಿದ್ದೆ, ಆದರೂ ಒಂದು ಮಾತು ಬರೆಯುತ್ತೇನೆ. 19ರಂದು ಲಂಡನ್‌ಗೆ ನಾಲ್ಕನೆಯ ಹಂತದ ನಿರ್ಬಂಧ ಎಂದಾಗಲೂ ಸ್ವಲ್ಪ ಆಸೆಯಿತ್ತು. 22ರ ಮಧ್ಯರಾತ್ರಿಯಿಂದ ಬ್ರಿಟನ್ ವಿಮಾನಗಳನ್ನೇ ನಮ್ಮ ಸರ್ಕಾರ ತಡೆದ ಸುದ್ದಿ ಬಂದಾಗ ನಿನ್ನ ಅಪ್ಪ ಟಿವಿ ಆರಿಸಿ ತೋಟಕ್ಕೆ ಹೋದರು. ಮರುದಿನ ನೀನು ರಜೆ ಬಿಟ್ಟು ಆಸ್ಪತ್ರೆಯ ವಾರ್ಡಿಗೆ ಕೆಲಸಕ್ಕೆ ಮರಳಿದೆ ಎಂದು ಕೇಳಿ ಅವರಿಗೂ ನನಗೂ ಹೆಮ್ಮೆಯಾಯಿತು, ಭಯವೂ ಆಯಿತು. ನಿಮ್ಮ ವಾರ್ಡಿನವರಿಗೆ ಕುಳಿತು ಉಸಿರಾಡಲು ಒಂದು ಕೋಣೆ ದೇಣಿಗೆಯ ಹಣದಿಂದ ಆಗಿದೆ ಎಂದು ನೀನು ಬರೆದಿದ್ದೆ. ಆ ಮುದುಕರು, ಬ್ರಿಟನ್‌ನ ಮಾಜಿ ಸೈನಿಕ ಕ್ಯಾಪ್ಟನ್ ಟಾಮ್ ಮೂರ್, ನೂರನೆಯ ಹುಟ್ಟುಹಬ್ಬದ ಮೊದಲು ಊರುಗೋಲಿನ ಗಾಡಿ ಹಿಡಿದು ಮನೆಯಂಗಳದಲ್ಲಿ ನೂರು ಸುತ್ತು ನಡೆದು, ಸಾವಿರ ಪೌಂಡಿನ ಗುರಿಯಿಟ್ಟು, ಆರೋಗ್ಯ ಸೇವೆಯ ದತ್ತಿಗಳಿಗೆ 3 ಕೋಟಿ ಪೌಂಡಿಗೂ ಹೆಚ್ಚು ಕೂಡಿಸಿದ್ದನ್ನು ನಾವೂ ಓದಿದ್ದೇವೆ. ಯುದ್ಧಕಾಲದಲ್ಲಿ ಅವರು ಭಾರತದಲ್ಲೂ ಬರ್ಮಾದಲ್ಲೂ ಇದ್ದವರಂತೆ. ಅವರ ಮೊತ್ತಕ್ಕಿಂತ ನನಗೆ ಹಿಡಿಸಿದ್ದು, ಹೊರಗೆ ಹೋಗಬಾರದಾದ ವಯಸ್ಸಿನಲ್ಲಿ ತಮ್ಮಿಂದ ಆಗುವುದು ಯಾವುದೆಂದು ಅವರು ಹುಡುಕಿದ ರೀತಿ. ಅಂಥ ಹಣದ ಒಂದು ಪಾಲು ನನ್ನ ಮಗಳು ಕಾಲು ಚಾಚಿ ಚಹಾ ಕುಡಿಯುವ ಕುರ್ಚಿಯಾಗಿರಬಹುದು ಎಂದು ನೆನೆದಾಗ, ಕೊಡುವ ಕಡೆಯಲ್ಲಿ ನಿಂತ ನಾವು ಪಡೆಯುವ ಕಡೆಯಲ್ಲೂ ಇದ್ದೇವೆ ಎನಿಸುತ್ತದೆ.

ನಿಧಿಯಲ್ಲಿ ಇನ್ನೂ ಸ್ವಲ್ಪ ಹಣ ಉಳಿದಿದೆ. ಜನವರಿ 1ರಿಂದ ಎಸ್ಸೆಸ್ಸೆಲ್ಸಿ ಮತ್ತು ದ್ವಿತೀಯ ಪಿಯುಸಿ ತರಗತಿಗಳು ಶುರುವಾಗುತ್ತವೆ. ಫೋನಿಲ್ಲದೆ ಇಷ್ಟು ತಿಂಗಳು ಆನ್‌ಲೈನ್ ಪಾಠ ತಪ್ಪಿಸಿಕೊಂಡ ಮಕ್ಕಳಿಗೆ ಬಸ್ಸಿನ ಖರ್ಚು, ಬಾಕಿ ಶುಲ್ಕ ಮತ್ತು ಸಂಜೆಯ ಪಾಠಕ್ಕೆ ಅದನ್ನು ಇಡುವುದೆಂದು ತೀರ್ಮಾನಿಸಿದ್ದೇವೆ. ಸಂಜೆಯ ಪಾಠವನ್ನು ಸಂಬಳವಿಲ್ಲದೆ ಕುಳಿತಿರುವ ನಮ್ಮದೇ ಶಿಕ್ಷಕಿಯರು ಹೇಳಿಕೊಡುತ್ತಾರೆ, ಅವರಿಗೂ ಗೌರವಧನ ಸಲ್ಲುತ್ತದೆ.

ವಿಮಾನದ ಟಿಕೆಟಿನ ಹಣ ಮರಳಿ ಬಂದರೆ ಅದನ್ನೂ ಸಭೆಗೆ ಕೊಡುತ್ತೇನೆ ಎಂದೆಯಲ್ಲ, ಅದಕ್ಕೆ ನನ್ನ ಒಪ್ಪಿಗೆಯಿಲ್ಲ. ದಾರಿ ತೆರೆದ ಕೂಡಲೇ ಆ ಹಣದಿಂದ ಊರಿಗೆ ಬಾ. ಕೊಡಲೇಬೇಕೆಂದಿದ್ದರೆ ತಿಂಗಳಿಗೆ ಇಷ್ಟೆಂದು ಚಿಕ್ಕ ಮೊತ್ತವನ್ನು ನಿಗದಿ ಮಾಡು. ಶುಲ್ಕ ಕಟ್ಟಬೇಕಾದ ಮನೆಗೆ ಹಬ್ಬದಲ್ಲಿ ಒಮ್ಮೆ ಬರುವ ದೊಡ್ಡ ಕಾಣಿಕೆಗಿಂತ ತಪ್ಪದೆ ಬರುವ ಚಿಕ್ಕದೇ ಹೆಚ್ಚು ಆಧಾರ. ಖಜಾಂಚಿಯವರು ನಿನ್ನ ಪಾಸ್‌ಪೋರ್ಟಿನ ಮೊದಲ ಮತ್ತು ಕೊನೆಯ ಪುಟಗಳ ಪ್ರತಿ ಕೇಳಿದ್ದಾರೆ, ವರ್ಷ ಮುಗಿಯುವುದರೊಳಗೆ ಕಳುಹಿಸು.

ಇತಿ ನಿನ್ನ ಪ್ರೀತಿಯ,
ಅಮ್ಮ